ತಿಂಗಳುಗಟ್ಟಲೆ ನಿಂತ ಗಾಡಿಗೂ ವಿಮೆ ಬೇಕಾ? ಟ್ರೈಲರ್, ಟಿಟಿ, ಕಾರು ಮಾಲೀಕರು ತಿಳಿದಿರಬೇಕಾದ ವಿಷಯ

ಪಾಂಡವಪುರ: ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ತಾಲ್ಲೂಕಿನ ಯಾವ ಊರಿಗೆ ಹೋದರೂ ಕಾಣುವ ದೃಶ್ಯ ಒಂದೇ. ರಸ್ತೆ ಪಕ್ಕ, ಆಲೆಮನೆ ಮುಂದೆ, ಕಣದ ಮೂಲೆಯಲ್ಲಿ ಖಾಲಿ ಟ್ರೈಲರ್‌ಗಳು ಮೂಕಿ ನೆಲಕ್ಕೂರಿ ನಿಂತಿರುತ್ತವೆ. ಆಷಾಢ ಬಂತೆಂದರೆ ಮದುವೆ ಇಲ್ಲ, ಟೂರು ಕಡಿಮೆ, ಶ್ರೀರಂಗಪಟ್ಟಣ, ಕೆ.ಆರ್.ಪೇಟೆ ಕಡೆಯ ಟೆಂಪೋ ಟ್ರಾವೆಲರ್‌ಗಳೂ ಶೆಡ್ ಸೇರುತ್ತವೆ. ಇನ್ನು ಮಗ ಅಮೆರಿಕದಲ್ಲೋ ದುಬೈನಲ್ಲೋ ಇದ್ದು, ಅವನ ಕಾರು ಮಾತ್ರ ಊರ ಮನೆಯ ಮುಂದೆ ಟಾರ್ಪಾಲ್ ಹೊದ್ದು ನಿಂತಿರುವ ಮನೆಗಳೂ ಇವೆ.

ಇಂಥ ಗಾಡಿಗಳ ಇನ್ಶೂರೆನ್ಸ್ ಮುಗಿದಾಗ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ‘ಗಾಡಿ ಓಡ್ತಾನೇ ಇಲ್ವಲ್ಲ, ಸುಮ್ನೆ ಯಾಕೆ ಕಟ್ಟೋದು? ಓಡಿಸೋ ಹೊತ್ತಿಗೆ ಕಟ್ಟಿದ್ರಾಯ್ತು ಬಿಡಿ.’

ಈ ಲೆಕ್ಕಾಚಾರ ಕೆಲವು ಸಾವಿರ ರೂಪಾಯಿ ಉಳಿಸಬಹುದು. ಆದರೆ ನಿಂತ ಗಾಡಿಯಿಂದ ಒಬ್ಬರಿಗೆ ಪ್ರಾಣಾಪಾಯವಾದರೆ ಬರುವ ಪರಿಹಾರದ ಆದೇಶ ಜಮೀನು ಮಾರುವ ಮಟ್ಟಕ್ಕೂ ಹೋಗಬಹುದು. ನಿಂತ ಗಾಡಿಯ ವಿಮೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಹಣ ಉಳಿಸುವ ಸರಿಯಾದ ದಾರಿ ಯಾವುದು ಎಂಬ ವಿವರ ಇಲ್ಲಿದೆ.

ನಿಂತಿದ್ದರೂ ಅದು ‘ಬಳಕೆ’ಯೇ

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಳಸುವ ಪ್ರತಿ ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲಿ ಎರಡು ಪದಗಳನ್ನು ಜನ ತಪ್ಪಾಗಿ ತಿಳಿಯುತ್ತಾರೆ.

ಒಂದು, ‘ಸಾರ್ವಜನಿಕ ಸ್ಥಳ’. ಇದು ಹೆದ್ದಾರಿ, ಪೇಟೆ ಬೀದಿ ಮಾತ್ರವಲ್ಲ. ಜನರಿಗೆ ಹೋಗಿಬರುವ ಹಕ್ಕಿರುವ ಯಾವುದೇ ರಸ್ತೆ, ಓಣಿ, ಜಾಗ ಇದರೊಳಗೆ ಬರುತ್ತದೆ. ಊರೊಳಗಿನ ಬೀದಿ, ಬಸ್ ನಿಲ್ಲುವ ಜಾಗ ಎಲ್ಲವೂ ಸೇರಿದವು. ಮನೆ ಮುಂದಿನ ಬೀದಿ ಮನೆಯವರದ್ದಲ್ಲ.

ಎರಡು, ‘ಬಳಕೆ’. ಎಂಜಿನ್ ಚಾಲೂ ಇದ್ದರೆ ಮಾತ್ರ ಬಳಕೆ ಎಂದು ಹಲವರು ತಿಳಿದಿದ್ದಾರೆ. ಸುಪ್ರೀಂ ಕೋರ್ಟ್ 1991ರಲ್ಲೇ ಇದನ್ನು ಒಪ್ಪಿಲ್ಲ. ಮಹಾರಾಷ್ಟ್ರದಲ್ಲಿ 1987ರ ಅಕ್ಟೋಬರ್ 29ರಂದು ಪೆಟ್ರೋಲ್ ಟ್ಯಾಂಕರ್ ಒಂದು ಲಾರಿಗೆ ಡಿಕ್ಕಿಯಾಗಿ ರಸ್ತೆ ಬದಿಗೆ ಉರುಳಿತ್ತು. ಕೆಲವು ಗಂಟೆಗಳ ನಂತರ, ಅಲ್ಲಾಡದೆ ಬಿದ್ದಿದ್ದ ಆ ಟ್ಯಾಂಕರ್ ಸ್ಫೋಟಗೊಂಡು ಜನ ಸತ್ತರು. ಟ್ಯಾಂಕರ್ ಆಗ ಓಡುತ್ತಿರಲಿಲ್ಲವಲ್ಲ ಎಂಬ ವಾದ ನಿಲ್ಲಲಿಲ್ಲ. ವಾಹನ ನಿಂತಿದ್ದರೂ, ಕೆಟ್ಟು ಬಿದ್ದಿದ್ದರೂ ಅದು ‘ಬಳಕೆ’ಯ ಅರ್ಥದೊಳಗೇ ಬರುತ್ತದೆ ಎಂದು ಕೋರ್ಟ್ ಹೇಳಿತು.

ನಮ್ಮ ಕಡೆಗೆ ಇದನ್ನು ಅನ್ವಯಿಸಿ ನೋಡಿ. ರಾತ್ರಿ ಹೊತ್ತು ರಿಫ್ಲೆಕ್ಟರ್ ಇಲ್ಲದ ಟ್ರೈಲರ್ ರಸ್ತೆ ಅಂಚಿನಲ್ಲಿ ನಿಂತಿದೆ. ಎದುರಿನ ಗಾಡಿಯ ಲೈಟಿಗೆ ಕಣ್ಣು ಕುಕ್ಕಿ ಬೈಕ್ ಸವಾರ ಹಿಂದಿನಿಂದ ಬಂದು ಗುದ್ದುತ್ತಾನೆ. ‘ನನ್ನ ಟ್ರೈಲರ್ ಸುಮ್ನೆ ನಿಂತಿತ್ತು, ಅವನೇ ಬಂದು ಗುದ್ದಿದ’ ಎಂದರೆ ಕೇಸು ಅಲ್ಲಿಗೇ ಮುಗಿಯುವುದಿಲ್ಲ. ಅಪಾಯವಾಗುವ ರೀತಿ ವಾಹನವನ್ನಾಗಲಿ ಟ್ರೈಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟು ಹೋಗುವುದನ್ನು ಅದೇ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸುತ್ತದೆ. ಸವಾರನದೂ ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಕಡಿಮೆಯಾಗಬಹುದು. ಉಳಿದದ್ದು ಟ್ರೈಲರ್ ಮಾಲೀಕನ ತಲೆಗೆ. ವಿಮೆ ಇದ್ದರೆ ಕಂಪನಿ ಕಟ್ಟುತ್ತದೆ, ಇಲ್ಲದಿದ್ದರೆ ಮನೆಯಿಂದ ಕಟ್ಟಬೇಕು.

ಸಾವು ಮತ್ತು ಗಾಯಕ್ಕೆ ಥರ್ಡ್ ಪಾರ್ಟಿ ವಿಮೆಯಲ್ಲಿ ಕಂಪನಿಯ ಹೊಣೆಗೆ ಮೇಲ್ಮಿತಿ ಇಲ್ಲ. ಸತ್ತವರ ವಯಸ್ಸು, ದುಡಿಮೆ, ಅವಲಂಬಿತರ ಸಂಖ್ಯೆ ನೋಡಿ ನ್ಯಾಯಮಂಡಳಿ ಮೊತ್ತ ನಿಗದಿ ಮಾಡುತ್ತದೆ. ವಿಮೆ ಇಲ್ಲದ ಗಾಡಿ ಇಂಥ ಕೇಸಿನಲ್ಲಿ ಸಿಕ್ಕಿಬಿದ್ದರೆ ಸ್ಟೇಷನ್‌ನಿಂದ ಬಿಡಿಸಿಕೊಳ್ಳುವುದೂ ಸುಲಭವಲ್ಲ. ಮಾಲೀಕ ಸಾಕಷ್ಟು ಭದ್ರತೆ ಕೊಡದಿದ್ದರೆ ಗಾಡಿಯನ್ನು ಹರಾಜು ಹಾಕಿ ಆ ಹಣವನ್ನು ನ್ಯಾಯಮಂಡಳಿಗೆ ಜಮಾ ಮಾಡುವ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸೂಚಿಸಿದೆ. ಇದಲ್ಲದೆ, ವಿಮೆ ಇಲ್ಲದೆ ಗಾಡಿ ಬಳಸಿದರೆ ಕೇಂದ್ರ ಕಾಯ್ದೆಯಡಿ ಮೊದಲ ಸಲ ₹2,000 ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿದರೆ ದಂಡ ₹4,000.

ಪೂರ್ತಿ ಸ್ವಂತ ಕಾಂಪೌಂಡಿನೊಳಗೆ, ಹೊರಗಿನವರು ಬಾರದ ಜಾಗದಲ್ಲಿ ಬೀಗ ಹಾಕಿ ನಿಲ್ಲಿಸಿದ ಗಾಡಿಯ ಮಾತು ಬೇರೆ. ಆದರೆ ಸರ್ವಿಸ್‌ಗೆ, ಎಫ್.ಸಿ.ಗೆ, ಕೊನೆಗೆ ಪಕ್ಕದ ಶೆಡ್‌ಗೆ ತಳ್ಳಲು ಗೇಟು ದಾಟಿಸಿದರೂ ವಿಮೆ ಬೇಕು.

ಟ್ರ್ಯಾಕ್ಟರಿಗೆ ಇದ್ದರೆ ಟ್ರೈಲರಿಗೂ ಇದ್ದಂತಲ್ಲ

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ‘ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಇದೆಯಲ್ಲ’ ಎಂದು ಟ್ರೈಲರ್ ವಿಷಯ ಬಿಟ್ಟುಬಿಡುತ್ತಾರೆ. ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ‘ಮೋಟಾರು ವಾಹನ’ದ ಅರ್ಥ ಹೇಳುವಾಗ ಟ್ರೈಲರನ್ನೂ ಸೇರಿಸಲಾಗಿದೆ. ಎಂಜಿನ್ ಇಲ್ಲದಿದ್ದರೂ ಕಾನೂನಿನ ಕಣ್ಣಿಗೆ ಅದು ಒಂದು ವಾಹನ. ಅದಕ್ಕೆ ಬೇರೆ ನೋಂದಣಿ, ಬೇರೆ ವಿಮೆ.

ಟ್ರ್ಯಾಕ್ಟರಿಗೆ ವಿಮೆ ಇದ್ದು, ಟ್ರೈಲರಿಗೆ ಇಲ್ಲದ ಪ್ರಕರಣವೊಂದು 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಟ್ರೈಲರ್‌ನಲ್ಲಿ ಕೂತಿದ್ದ ಕೂಲಿ ಕಾರ್ಮಿಕರಿಗೆ ಪೆಟ್ಟಾಗಿತ್ತು. ಟ್ರೈಲರಿಗೆ ಪ್ರತ್ಯೇಕ ವಿಮೆ ಇಲ್ಲದ್ದರಿಂದ ಕಂಪನಿ ಹೊಣೆಯಲ್ಲ, ಪರಿಹಾರ ಮಾಲೀಕನೇ ಕೊಡಬೇಕು ಎಂಬ ನಿಲುವನ್ನು ಕೋರ್ಟ್ ಎತ್ತಿಹಿಡಿಯಿತು. ಅಪಘಾತ ಯಾವುದರಿಂದ ಆಯಿತು ಎಂಬ ಸಂಗತಿ ನೋಡಿ ಬೇರೆ ಕೇಸುಗಳಲ್ಲಿ ಬೇರೆ ತೀರ್ಮಾನವೂ ಆಗಬಹುದು. ಆದರೆ ಕೋರ್ಟಿಗೆ ಅಲೆದು ಅದೃಷ್ಟ ನೋಡುವುದಕ್ಕಿಂತ ಟ್ರೈಲರಿನ ಪ್ರೀಮಿಯಂ ಕಟ್ಟಿಬಿಡುವುದು ವಾಸಿ.

ಟ್ರೈಲರನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ, ಊರಿಂದ ದೂರದ ಜಮೀನಿನಲ್ಲೋ ಕಾರ್ಖಾನೆ ಯಾರ್ಡ್ ಹತ್ತಿರವೋ ಬಿಡುವವರಿಗೆ ಇದು ಇನ್ನೂ ಮುಖ್ಯ. ಬಿಚ್ಚಿದ ಮೇಲೆ ಆ ಟ್ರೈಲರ್ ತಾನೇ ತಾನು. ಟ್ರ್ಯಾಕ್ಟರಿನ ಪಾಲಿಸಿಯನ್ನು ತೋರಿಸಿ ಅದಕ್ಕೆ ಏನನ್ನೂ ಕೇಳಲಾಗದು.

ಪಾಲಿಸಿ ಕೈಗೆ ಬಂದ ತಕ್ಷಣ ಮೂರು ವಿಷಯ ನೋಡಬೇಕು. ಟ್ರೈಲರಿನ ನೋಂದಣಿ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆ ಅದರಲ್ಲಿ ಇದೆಯಾ? ಎರಡು ಟ್ರೈಲರ್ ಇದ್ದರೆ ಎರಡರದ್ದೂ ಇದೆಯಾ? ಬಳಕೆ ಎಂಬ ಕಡೆ ಕೃಷಿ ಎಂದಿದೆಯಾ, ಬಾಡಿಗೆ ಸಾಗಣೆ ಎಂದಿದೆಯಾ? ಸ್ವಂತ ಬೇಸಾಯಕ್ಕೆ ಎಂದು ಪಾಲಿಸಿ ಮಾಡಿಸಿ, ಬೇರೆಯವರ ಕಬ್ಬು, ಇಟ್ಟಿಗೆ, ಜಲ್ಲಿ ಬಾಡಿಗೆಗೆ ಹೊಡೆದರೆ ಕ್ಲೈಮ್ ವೇಳೆ ಕಂಪನಿ ಮೊದಲು ಎತ್ತುವ ಪ್ರಶ್ನೆಯೇ ಅದು.

‘ಫುಲ್ ಇನ್ಶೂರೆನ್ಸ್’ನಲ್ಲಿ ನಿಂತ ಗಾಡಿಗೆ ಏನು ಸಿಗುತ್ತದೆ

ಥರ್ಡ್ ಪಾರ್ಟಿ ಪಾಲಿಸಿ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಮ್ಮ ಗಾಡಿ ಸುಟ್ಟುಹೋದರೆ, ಕಳುವಾದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಜನ ಫುಲ್ ಇನ್ಶೂರೆನ್ಸ್ ಎನ್ನುವ ಪ್ಯಾಕೇಜ್ ಪಾಲಿಸಿ ಬೇಕು.

ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ, ಸಿಡಿಲು, ಕಳ್ಳತನ, ಗಲಭೆ, ಮುಷ್ಕರ, ಕಿಡಿಗೇಡಿತನ, ಭೂಕಂಪ, ಪ್ರವಾಹ, ಬಿರುಗಾಳಿ, ಭೂಕುಸಿತ ಇವೆಲ್ಲ ಸೇರಿರುತ್ತವೆ. ಗಾಡಿ ಓಡುತ್ತಿರಲಿ, ನಿಂತಿರಲಿ, ವ್ಯತ್ಯಾಸವಿಲ್ಲ. ಪಕ್ಕದ ಗದ್ದೆಯಲ್ಲಿ ಕಬ್ಬಿನ ಸೋಗೆಗೆ ಹಚ್ಚಿದ ಬೆಂಕಿ ಗಾಳಿಗೆ ಹಾರಿ ಶೆಡ್‌ಗೆ ಹತ್ತಿದರೂ, ಹುಲ್ಲಿನ ಮೆದೆ ಹೊತ್ತಿ ಪಕ್ಕದ ಟ್ರೈಲರ್ ಸುಟ್ಟರೂ ಕ್ಲೈಮ್ ಕೇಳಬಹುದು. ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಶ್ರೀರಂಗಪಟ್ಟಣದ ನದಿ ಪಾತ್ರದ ತಗ್ಗು ಜಾಗಗಳಿಗೆ ನೀರು ನುಗ್ಗುವುದು ಹೊಸದೇನಲ್ಲ. ಅಲ್ಲಿ ನಿಂತ ಗಾಡಿ ಮುಳುಗಿದರೆ ಅದೂ ವಿಮೆಯೊಳಗೇ.

ಆದರೆ ಒಂದು ಎಚ್ಚರಿಕೆ. ನೀರು ಹೊಕ್ಕ ಗಾಡಿಯನ್ನು ‘ಸ್ಟಾರ್ಟ್ ಆಗುತ್ತಾ ನೋಡೋಣ’ ಎಂದು ಕೀ ತಿರುಗಿಸಬಾರದು. ಹಾಗೆ ಮಾಡಿ ಎಂಜಿನ್ ಒಳಗೆ ನೀರೆಳೆದು ಜಾಮ್ ಆದರೆ, ಅದು ಪ್ರವಾಹದಿಂದ ಆದ ನಷ್ಟವಲ್ಲ, ಆಮೇಲೆ ನೀವು ಮಾಡಿಕೊಂಡದ್ದು ಎಂದು ಕಂಪನಿ ಹೇಳುತ್ತದೆ. ಫೋಟೋ ತೆಗೆದು, ಕಂಪನಿಗೆ ಹೇಳಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಸರಿ.

ನಿಂತ ಗಾಡಿಗೆ ಸಾಮಾನ್ಯವಾಗಿ ಬರುವ ಕೆಲವು ತೊಂದರೆಗಳಿಗೆ ವಿಮೆ ಇಲ್ಲ:

- ತುಕ್ಕು, ಬ್ಯಾಟರಿ ಡೆಡ್ ಆಗುವುದು, ರಬ್ಬರ್ ಪೈಪ್ ಬಿರುಕು, ಬ್ರೇಕ್ ಹಿಡಿದುಕೊಳ್ಳುವುದು. ಇವು ಸವಕಳಿ ಅಥವಾ ಮೆಕ್ಯಾನಿಕಲ್ ದೋಷ.
- ಗಾಡಿಗೆ ಬೇರೆ ಏನೂ ಆಗದೆ ಟೈರ್ ಮಾತ್ರ ಹಾಳಾಗಿದ್ದರೆ. ಗಾಡಿಯ ಜೊತೆಗೆ ಟೈರೂ ಹಾಳಾಗಿದ್ದರೆ ಸಾಮಾನ್ಯವಾಗಿ ಹೊಸ ಟೈರಿನ ಬೆಲೆಯ ಅರ್ಧ.
- ವಾಣಿಜ್ಯ ವಾಹನಗಳಲ್ಲಿ ಲೈಟು, ಟೈರು, ಮಡ್‌ಗಾರ್ಡ್, ಬಾನೆಟ್, ಬಂಪರ್, ಪೇಂಟು. ಇವು ಬೇಕಾದರೆ ಐಎಂಟಿ 23 ಎಂಬ ಹೆಚ್ಚುವರಿ ಷರತ್ತನ್ನು ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಟಿಟಿ, ಗೂಡ್ಸ್ ಮಾಲೀಕರು ಏಜೆಂಟರನ್ನು ಕೇಳಲೇಬೇಕಾದ ಪ್ರಶ್ನೆ ಇದು.
- ಗಾಡಿಯೊಳಗೆ ಇಟ್ಟಿದ್ದ ಸರಕು, ಬಟ್ಟೆ, ಪಾತ್ರೆ, ಸ್ಪೀಕರು. ಗಾಡಿಯ ಪಾಲಿಸಿ ಗಾಡಿಗೆ ಮಾತ್ರ.

ಅಂಗಡಿ ಮಾಲೀಕರಿಗೆ ಇನ್ನೊಂದು ಮಾತು. ಅಂಗಡಿಗೆ, ಗೋಡೌನಿಗೆ ಮಾಡಿಸಿದ ಬೆಂಕಿ ವಿಮೆಯಲ್ಲಿ ಒಳಗೆ ನಿಲ್ಲಿಸಿದ ಗಾಡಿಯೂ ಸೇರಿದೆ ಎಂದು ಕೆಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಸೇರಿರುವುದಿಲ್ಲ. ಗೂಡ್ಸ್ ಆಟೋಗೆ ಅದರದ್ದೇ ಪಾಲಿಸಿ ಬೇಕು.

ಹಣ ಉಳಿಸುವ ಸರಿಯಾದ ದಾರಿ

ಗಾಡಿ ನಿಂತಿರುವಾಗಲೂ ಪೂರ್ತಿ ಪ್ರೀಮಿಯಂ ದಂಡ ಅನ್ನಿಸುವುದು ಸಹಜ. ಪಾಲಿಸಿ ಬಿಟ್ಟುಬಿಡುವ ಬದಲು ಬೇರೆ ದಾರಿಗಳಿವೆ.

ಮೊದಲನೆಯದು ‘ಲೇ-ಅಪ್’. 2002ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಮೋಟಾರು ಟಾರಿಫ್‌ನಲ್ಲಿ ಐಎಂಟಿ 11 ಎಂಬ ಷರತ್ತಿದೆ. ಗಾಡಿ ಗ್ಯಾರೇಜಿನಲ್ಲಿ ನಿಂತಿದೆ, ಬಳಕೆಯಲ್ಲಿಲ್ಲ ಎಂದು ಮೊದಲೇ ಬರಹದಲ್ಲಿ ಕಂಪನಿಗೆ ತಿಳಿಸಿದರೆ, ಸತತ ಎರಡು ತಿಂಗಳಿಗೆ ಕಡಿಮೆ ಇಲ್ಲದ ಅವಧಿಗೆ ಪ್ರೀಮಿಯಂನಲ್ಲಿ ಒಂದು ಪಾಲು ಮುಂದಿನ ನವೀಕರಣದಲ್ಲಿ ಕಡಿತವಾಗಬಹುದು, ಅಥವಾ ಪಾಲಿಸಿಯ ಅವಧಿ ಮುಂದಕ್ಕೆ ಹೋಗಬಹುದು. ಆ ಅವಧಿಯಲ್ಲಿ ಬೆಂಕಿ, ಕಳ್ಳತನ, ಗಲಭೆ, ಪ್ರವಾಹ, ಬಿರುಗಾಳಿ, ಭೂಕಂಪದಂಥ ಅಪಾಯಗಳಿಗೆ ಮಾತ್ರ ರಕ್ಷಣೆ ಉಳಿಯುತ್ತದೆ. ಉಳಿದೆಲ್ಲ ಹೊಣೆ, ಥರ್ಡ್ ಪಾರ್ಟಿಯೂ ಸೇರಿ, ಅಮಾನತಿನಲ್ಲಿ ಇರುತ್ತದೆ.

ಹಾಗಾಗಿ ಲೇ-ಅಪ್ ಮಾಡಿಸಿದ ಗಾಡಿಯನ್ನು ‘ಇಲ್ಲೇ ಪೆಟ್ರೋಲ್ ಬಂಕಿನ ತನಕ’ ಎಂದೂ ರಸ್ತೆಗಿಳಿಸಬಾರದು. ರಸ್ತೆ ಬದಿಯಲ್ಲಿ ನಿಲ್ಲಿಸುವವರಿಗೆ ಇದು ಹೇಳಿಸಿದ್ದಲ್ಲ. ಅಪಘಾತದ ರಿಪೇರಿಗೆ ಗ್ಯಾರೇಜಿನಲ್ಲಿ ನಿಂತ ದಿನಗಳನ್ನೂ ಲೇ-ಅಪ್ ಎಂದು ತೋರಿಸಲಾಗದು. ಕಂಪನಿಯ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲಷ್ಟೇ ಲೆಕ್ಕ.

ಎರಡನೆಯದು, ಹಳೆಯ ಗಾಡಿಗೆ ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳ್ಳತನ ಮಾತ್ರ ಸೇರಿಸಿದ ಪಾಲಿಸಿ. ಡಿಕ್ಕಿಯ ನಷ್ಟಕ್ಕೆ ರಕ್ಷಣೆ ಇರುವುದಿಲ್ಲ, ಪ್ರೀಮಿಯಂ ಕಡಿಮೆ. ಹೆಚ್ಚು ದಿನ ನಿಂತೇ ಇರುವ ಗಾಡಿಗೆ ಹೊಂದುತ್ತದೆ. ಎಲ್ಲ ಕಂಪನಿಯವರೂ ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು.

ಮೂರನೆಯದು, ಕನಿಷ್ಠ ಥರ್ಡ್ ಪಾರ್ಟಿ. ಇದರ ದರ ಸರ್ಕಾರ ನಿಗದಿ ಮಾಡುತ್ತದೆ, ಕಂಪನಿಯಿಂದ ಕಂಪನಿಗೆ ಬದಲಾಗುವುದಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷದ ದರ, ತೆರಿಗೆ ಬಿಟ್ಟು, 1,000 ಸಿಸಿವರೆಗೆ ₹2,094, 1,500 ಸಿಸಿವರೆಗೆ ₹3,416, ಅದಕ್ಕೂ ಮೇಲಿದ್ದರೆ ₹7,897. ತಿಂಗಳಿಗೆ ಹಂಚಿದರೆ ಸಣ್ಣ ಕಾರಿಗೆ ಇನ್ನೂರು ರೂಪಾಯಿಯೂ ಆಗದು.

ಪಾಲಿಸಿ ಮುಗಿದು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೈಮ್ ಮಾಡದೆ 50% ರಿಯಾಯಿತಿ ಗಳಿಸಿದವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಮತ್ತೆ ಫುಲ್ ಇನ್ಶೂರೆನ್ಸ್ ಬೇಕೆಂದರೆ ಕಂಪನಿಯವರು ಗಾಡಿ ಪರಿಶೀಲಿಸಿಯೇ ಕೊಡುವುದು. ಉಳಿಸಿದೆ ಎಂದುಕೊಂಡ ಹಣ ಅಲ್ಲೇ ಹೋಗುತ್ತದೆ.

ರಸ್ತೆ ತೆರಿಗೆ ಬೇರೆ, ವಿಮೆ ಬೇರೆ. ಗಾಡಿ ಓಡಿಸುತ್ತಿಲ್ಲ ಎಂದು ತೆರಿಗೆ ಸಲುವಾಗಿ ಆರ್‌ಟಿಒ ಕಚೇರಿಗೆ ನಾನ್-ಯೂಸ್ ಅರ್ಜಿ ಕೊಟ್ಟರೆ ವಿಮಾ ಕಂಪನಿಗೆ ಅದು ತಾನಾಗಿ ತಿಳಿಯುವುದಿಲ್ಲ. ಎರಡೂ ಕಡೆ ಬೇರೆ ಬೇರೆ ಅರ್ಜಿ ಕೊಡಬೇಕು.

ಹೊರರಾಜ್ಯ, ನೇಪಾಳದಲ್ಲಿ ನಿಂತರೆ

ಶಬರಿಮಲೆ, ತಿರುಪತಿ, ಊಟಿ, ಕಾಶಿ ಎಲ್ಲಿ ನಿಲ್ಲಿಸಿದರೂ ಭಾರತದೊಳಗೆ ಪಾಲಿಸಿ ನಡೆಯುತ್ತದೆ. ಕೇರಳದಲ್ಲಿ ಕೆಟ್ಟು ನಿಂತ ಟಿಟಿಯನ್ನು ಹದಿನೈದು ದಿನ ಅಲ್ಲೇ ಬಿಟ್ಟು ಬಂದರೂ ವಿಮೆ ತಪ್ಪಿಹೋಗುವುದಿಲ್ಲ. ಆದರೆ ಕೆಟ್ಟ ಗಾಡಿಯನ್ನು ಮುನ್ನೆಚ್ಚರಿಕೆ ಇಲ್ಲದೆ ಅನಾಥವಾಗಿ ಬಿಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇದೆ. ರಸ್ತೆ ಬದಿ ಬಿಟ್ಟು ಬಂದರೆ ಕಷ್ಟ. ಗ್ಯಾರೇಜಿಗೋ ಕಾವಲಿರುವ ಪಾರ್ಕಿಂಗಿಗೋ ಬಿಟ್ಟು ರಸೀದಿ ಇಟ್ಟುಕೊಳ್ಳಬೇಕು.

ದೇಶದ ಗಡಿ ದಾಟಿದರೆ ಕಥೆ ಬೇರೆ. ಕಾಶಿ, ಅಯೋಧ್ಯೆ ಮುಗಿಸಿ ಹಾಗೇ ಪಶುಪತಿನಾಥ, ಮುಕ್ತಿನಾಥ ಎಂದು ಗಾಡಿಯನ್ನು ನೇಪಾಳಕ್ಕೆ ತಿರುಗಿಸುವ ಯಾತ್ರಾ ತಂಡಗಳಿವೆ. ನಮ್ಮ ಪಾಲಿಸಿಯ ವ್ಯಾಪ್ತಿ ಭಾರತ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಮಾಲ್ಡೀವ್ಸ್‌ಗೆ ಅದನ್ನು ವಿಸ್ತರಿಸಲು ಐಎಂಟಿ 1 ಎಂಬ ಷರತ್ತನ್ನು ಹೊರಡುವ ಮುಂಚೆಯೇ ಸೇರಿಸಿಕೊಳ್ಳಬೇಕು. ಟಾರಿಫ್‌ನಲ್ಲಿ ಇದರ ದರ ಪ್ಯಾಕೇಜ್ ಪಾಲಿಸಿಗೆ ₹500, ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಗೆ ₹100, ಅವಧಿ 12 ತಿಂಗಳು ಮೀರುವಂತಿಲ್ಲ. ಹಡಗಿನಲ್ಲೋ ವಿಮಾನದಲ್ಲೋ ಗಾಡಿ ಸಾಗಿಸುವಾಗ ಆಗುವ ನಷ್ಟ ಇದರಲ್ಲೂ ಸೇರಿಲ್ಲ.

ಅಂದರೆ ₹500 ಉಳಿಸಲು ಹೋಗಿ, ಕಠ್ಮಂಡುವಿನ ಹೋಟೆಲ್ ಮುಂದೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಕಾಣದಿದ್ದರೆ ಪೂರ್ತಿ ಗಾಡಿಯ ಬೆಲೆ ಮಾಲೀಕನದೇ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಯಂಥ ಕ್ಯಾರವಾನ್‌ಗಳಿವೆ. ಮೇಲುಕೋಟೆಗೆ ಶೂಟಿಂಗ್ ಬಂದಾಗ ನಾವು ನೋಡುವ ಕ್ಯಾರವಾನ್‌ಗೆ ಎಂಜಿನ್ ಇದೆ. ಅವು ನಮ್ಮ ಕಬ್ಬಿನ ಟ್ರೈಲರ್‌ನಂತೆ ಎಳೆಸಿಕೊಂಡು ಹೋಗುವಂಥವು. ಬೇಸಿಗೆ ಮುಗಿದ ಮೇಲೆ ಅದನ್ನು ಬೇರೆ ದೇಶದ ಯಾರ್ಡ್‌ನಲ್ಲೇ ಬಿಟ್ಟು ಬರುವವರೂ ಇದ್ದಾರೆ. ಬ್ರಿಟನ್ನಿನ ಕಂಪನಿಗಳು ವಿಮೆ ಕೊಡುವ ಮೊದಲೇ ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ಚಕ್ರಕ್ಕೆ ಮತ್ತು ಮೂಕಿಗೆ ಬೀಗ ಇದೆಯಾ ಎಂದು ಕೇಳುತ್ತವೆ. ಹೇಳಿದ ಜಾಗ ಬಿಟ್ಟು ಬೇರೆ ಕಡೆ ಇಟ್ಟರೆ, ಬೀಗ ಹಾಕದಿದ್ದರೆ ಕ್ಲೈಮ್ ತಕರಾರಿಗೆ ಬೀಳುತ್ತದೆ. ನಮ್ಮ ಟ್ರೈಲರ್ ಮಾಲೀಕರಿಗೂ ಮೂಕಿಗೆ ಒಂದು ಸರಪಳಿ, ಬೀಗ ಹಾಕುವುದು ದೊಡ್ಡ ಖರ್ಚಲ್ಲ.

ಮಗ ವಿದೇಶದಲ್ಲಿ, ಕಾರು ಊರಲ್ಲಿ

ಮಾಲೀಕ ದೇಶದಲ್ಲಿಲ್ಲ ಎಂದ ಮಾತ್ರಕ್ಕೆ ವಿಮೆ ರದ್ದಾಗುವುದಿಲ್ಲ. ಸರಿಯಾದ ಡ್ರೈವಿಂಗ್ ಲೈಸೆನ್ಸ್ ಇರುವ ಅಪ್ಪ, ತಮ್ಮ ಯಾರು ಓಡಿಸಿದರೂ ಪಾಲಿಸಿ ನಡೆಯುತ್ತದೆ. ಆದರೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಮಾಲೀಕನಿಗೆ ಮಾತ್ರ ಸೇರಿದ್ದು, ಓಡಿಸಿದ ತಮ್ಮನಿಗೆ ಸಿಗುವುದಿಲ್ಲ.

ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಆಗುವ ತೊಂದರೆ ನಾಲ್ಕು.

ಮೊದಲನೆಯದು, ನವೀಕರಣದ ಮೆಸೇಜು ಮಗನ ಹಳೆಯ, ಬಂದ್ ಆದ ಸಿಮ್‌ಗೆ ಹೋಗುತ್ತದೆ. ಊರಲ್ಲಿರುವವರಿಗೆ ಪಾಲಿಸಿ ಮುಗಿದದ್ದೇ ಗೊತ್ತಾಗುವುದಿಲ್ಲ. ಮನೆಯವರ ಮೊಬೈಲ್ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿಕೊಳ್ಳಿ.

ಎರಡನೆಯದು, ಸುಮ್ಮನೆ ನಿಂತಿದೆಯಲ್ಲ ಎಂದು ಬಿಳಿ ಬೋರ್ಡ್ ಕಾರನ್ನು ಮೈಸೂರು ಏರ್‌ಪೋರ್ಟಿಗೆ, ಮದುವೆಗೆ ಬಾಡಿಗೆಗೆ ಬಿಡುವುದು. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ರಕ್ಷಣೆ ಇಲ್ಲ.

ಮೂರನೆಯದು, ಬಾಯಿಮಾತಿನಲ್ಲಿ ಮಾರಿಬಿಡುವುದು. ಹಣ ಕೈಗೆ ಬಂತು, ಕೀ ಕೊಟ್ಟಾಯಿತು, ಆರ್.ಸಿ. ಮಾತ್ರ ಮಗನ ಹೆಸರಲ್ಲೇ ಇದೆ. ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಕಾಯ್ದೆಯ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟ ಮಾಡಿದೆ. ಕೊಂಡವರು ವಿಮೆ ಕಟ್ಟದೆ ಅಪಘಾತ ಮಾಡಿಕೊಂಡರೆ ನೋಟಿಸ್ ಬರುವುದು ಆರ್.ಸಿ.ಯಲ್ಲಿರುವ ವಿಳಾಸಕ್ಕೆ. ಮಾರಿದ ಮೇಲೆ ಹೆಸರು ವರ್ಗಾವಣೆ ಆಗಲೇಬೇಕು. ಪಾಲಿಸಿ ವರ್ಗಾವಣೆಗೆ ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ನಾಲ್ಕನೆಯದು, ಮಾಲೀಕರು ತೀರಿಕೊಂಡ ಮನೆಗಳಲ್ಲಿ ಗಾಡಿ ಅವರ ಹೆಸರಲ್ಲೇ ವರ್ಷಗಟ್ಟಲೆ ನಿಂತಿರುವುದು. ಪಾಲಿಸಿ ತಕ್ಷಣ ಬೀಳುವುದಿಲ್ಲ. ಸಾವಿನ ದಿನದಿಂದ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರೊಳಗೆ ವಾರಸುದಾರರು ಮರಣ ಪ್ರಮಾಣಪತ್ರದೊಂದಿಗೆ ಕಂಪನಿಗೆ ಅರ್ಜಿ ಕೊಡಬೇಕು.

ಕಳುವಾದರೆ, ಸುಟ್ಟರೆ ಮೊದಲ ದಿನ ಏನು ಮಾಡಬೇಕು

ಕಳ್ಳತನವಾದರೆ ಅದೇ ದಿನ ಪೊಲೀಸ್ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ‘ಹುಡುಗರು ತಗೊಂಡು ಹೋಗಿರಬಹುದು, ನಾಲ್ಕು ದಿನ ನೋಡೋಣ’ ಎಂದು ಕಾದರೆ ಮುಂದೆ ಉತ್ತರ ಕೊಡುವುದು ಕಷ್ಟ. ಕಂಪನಿಗೂ ತಕ್ಷಣ ತಿಳಿಸಬೇಕು. ಎಫ್‌ಐಆರ್ ತಕ್ಷಣ ಆಗಿದ್ದು, ಕಂಪನಿಗೆ ತಿಳಿಸುವುದು ಮಾತ್ರ ತಡವಾಗಿದ್ದರೆ ಅದೊಂದೇ ಕಾರಣಕ್ಕೆ ಕ್ಲೈಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಆದರೂ ಫೋನ್ ಮಾಡಿ ಕ್ಲೈಮ್ ನಂಬರ್ ಪಡೆಯಲು ಎಷ್ಟು ಹೊತ್ತು?

ಗಾಡಿಯ ಎರಡೂ ಕೀಗಳನ್ನು ಕಂಪನಿ ಕೇಳುತ್ತದೆ. ಒಂದು ಕೀ ಗಾಡಿಯಲ್ಲೇ ಬಿಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಗಾಡಿಯ ಸುರಕ್ಷತೆಗೆ ಮಾಲೀಕ ಸರಿಯಾದ ಎಚ್ಚರಿಕೆ ವಹಿಸಿರಬೇಕು ಎಂಬುದು ಪಾಲಿಸಿಯ ಷರತ್ತು. ಕೊನೆಗೆ ಗಾಡಿ ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿಯೂ ಬೇಕಾಗುತ್ತದೆ.

ಬೆಂಕಿ, ನೀರು, ಮರ ಬಿದ್ದ ನಷ್ಟವಾದರೆ ಸರ್ವೇಯರ್ ಬಂದು ನೋಡುವವರೆಗೆ ಗಾಡಿ ಕದಲಿಸಬಾರದು, ರಿಪೇರಿಗೆ ಕೈ ಹಾಕಬಾರದು. ಎಲ್ಲ ಕಡೆಯಿಂದ ಫೋಟೋ, ವಿಡಿಯೊ ಇಟ್ಟುಕೊಳ್ಳಿ. ಅಗ್ನಿಶಾಮಕದವರು ಬಂದಿದ್ದರೆ ಅವರ ವರದಿ ಪಡೆಯಿರಿ.

ಕಂಪನಿ ಕ್ಲೈಮ್ ಕೊಡದಿದ್ದರೆ

ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರಹದಲ್ಲಿ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ₹50 ಲಕ್ಷದವರೆಗಿನ ಪ್ರಕರಣ ಅಲ್ಲಿ ತೀರ್ಮಾನವಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ ಮತ್ತು 155255 ಉಚಿತ ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ತೆರೆದೇ ಇದೆ.

ಗಾಡಿ ನಿಲ್ಲಿಸುವ ಮುನ್ನ ಒಮ್ಮೆ ನೋಡಿ

- ಪಾಲಿಸಿ ಮುಗಿಯುವ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೀರಾ?
- ಟ್ರೈಲರಿಗೆ ಬೇರೆ ಪಾಲಿಸಿ ಇದೆಯಾ? ಚಾಸಿಸ್ ನಂಬರ್ ತಾಳೆಯಾಗುತ್ತದಾ?
- ನಿಲ್ಲಿಸುವ ಜಾಗ ರಸ್ತೆ ಅಂಚಾ, ಕಾಂಪೌಂಡಾ? ರಸ್ತೆ ಅಂಚಾದರೆ ಜಾಗ ಬದಲಿಸಿ. ಆಗದಿದ್ದರೆ ಹಿಂದೆ ಮುಂದೆ ರಿಫ್ಲೆಕ್ಟರ್ ಅಂಟಿಸಿ.
- ಚಕ್ರಕ್ಕೆ ಅಡ್ಡಗಲ್ಲು, ಮೂಕಿಗೆ ಬೀಗ, ಬ್ಯಾಟರಿ ವೈರ್ ಬಿಚ್ಚಿದ್ದು ಆಯಿತಾ?
- ಹುಲ್ಲು, ಸೋಗೆ, ಡೀಸೆಲ್ ಕ್ಯಾನ್ ಪಕ್ಕದಲ್ಲಿ ಇದೆಯಾ?
- ಎರಡೂ ಕೀ, ಆರ್.ಸಿ., ಪಾಲಿಸಿ ಪ್ರತಿ ಮನೆಯಲ್ಲಿ ಒಂದೇ ಕಡೆ ಇದೆಯಾ?
- ನಿಲ್ಲಿಸಿದ ದಿನದ ದಿನಾಂಕ ಸಹಿತ ಫೋಟೋ ಮೊಬೈಲ್‌ನಲ್ಲಿ ಇದೆಯಾ?

ಹಂಗಾಮು ಮುಗಿದ ವಾರ ಇದಕ್ಕೆ ಅರ್ಧ ದಿನ ಕೊಟ್ಟರೆ ಸಾಕು. ರಸ್ತೆ ಬದಿಯಲ್ಲಿ ಈಗಲೂ ಟ್ರೈಲರ್ ನಿಲ್ಲಿಸಿರುವವರು ಮೊದಲು ರಿಫ್ಲೆಕ್ಟರ್ ಅಂಟಿಸಿ, ಆಮೇಲೆ ಪಾಲಿಸಿ ತೆಗೆದು ದಿನಾಂಕ ನೋಡಲಿ.